ಓದುಗರೇ ತಿದ್ದುವ ಪುಟ

ಬೆಂಗಳೂರಿನ ದಂಡು ಪ್ರದೇಶಕ್ಕೆ ಸೇರಿದ ಶಿವಾಜಿನಗರವನ್ನು ಹಿಂದೆ ಬ್ಲಾಕ್‌ಪಲ್ಲಿ ಎಂದು ಕರೆಯುತ್ತಿದ್ದರು. ಈ ಹೆಸರು ಹೇಗೆ ಬಂದಿತೆಂಬ ವಿಷಯದಲ್ಲಿ ಎರಡು ಮಾತುಗಳು ಪ್ರಚಾರದಲ್ಲಿವೆ. ಅಲ್ಲಿದ್ದ ಬಿಳಿ ಅಕ್ಕಿ ಪಳ್ಳಿ ಎಂಬ ಹಳ್ಳಿಯ ಹೆಸರೇ ಇಂಗ್ಲಿಷರ ನಾಲಗೆಯ ಮೇಲೆ ಹೀಗೆ ಹೊರಳಿತೆಂದು ಕೆಲವರು ಹೇಳುತ್ತಾರೆ. 1809ರಲ್ಲಿ ದಂಡು ನೆಲೆಗೊಂಡಾಗ ಅದರ ವಿನ್ಯಾಸವನ್ನು ರೂಪಿಸಿದನೆನ್ನಲಾದ ಜಾನ್ ಬ್ಲಾಕಿಸ್ಟನ್ ಎಂಬ ಸೇನಾ ಇಂಜಿನಿಯರನ ಹೆಸರಿನಿಂದ ಬಂದಿತೆಂದು ಮತ್ತೆ ಕೆಲವರು ವಾದಿಸುತ್ತಾರೆ. ಒಂದು ಹೆಸರು ನೆಲದ ಬೆಳೆಯಿಂದ ಬಂದದ್ದು, ಇನ್ನೊಂದು ಆಳಲು ಬಂದವರಿಂದ ಬಂದದ್ದು. ಆದುದರಿಂದ ಈ ವಿವಾದವು ಕೇವಲ ಪದದ ವಿವಾದವಾಗಿ ಉಳಿಯುವುದಿಲ್ಲ.

ಶಿವಾಜಿನಗರದ ಒಬ್ಬ ವಿದ್ಯಾರ್ಥಿ ತನ್ನ ಬಡಾವಣೆಯ ಬಗೆಗೆ ಒಂದು ಪುಸ್ತಕದಲ್ಲಿ ಓದುತ್ತಾನೆಂದೂ, ಅಲ್ಲಿ ಎರಡನೆಯ ಮಾತು ಮಾತ್ರ ನಿಸ್ಸಂಶಯವಾದ ಸತ್ಯವೆಂಬಂತೆ ಅಚ್ಚಾಗಿದೆಯೆಂದೂ ಭಾವಿಸಬಹುದು. ಅವನು ಮಾಡಬಹುದಾದದ್ದು ಬಹಳ ಕಡಿಮೆ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಬಹುದು. ಆದರೆ ಆ ಗುರುತು ಅವನ ಪ್ರತಿಯಲ್ಲಿ ಮಾತ್ರ ಇರುತ್ತದೆ. ಉಳಿದ ಸಾವಿರ ಪ್ರತಿಗಳು ತಮ್ಮ ಮಾತನ್ನು ಬದಲಿಸುವುದಿಲ್ಲ. ಅದೇ ಲೇಖನವು ಓದುಗರಿಗೆ ತಿದ್ದಲು ಅವಕಾಶವಿರುವ ಜಾಲಪುಟದಲ್ಲಿದ್ದರೆ, ಪುಟದ ಮೇಲ್ಭಾಗದಲ್ಲಿ ‘ಸಂಪಾದಿಸಿ’ ಎಂಬ ಒಂದು ಪದ ಕಾಣುತ್ತದೆ. ಅದನ್ನು ಒತ್ತಿದೊಡನೆ ಓದುವ ಪುಟವೇ ಬರೆಯುವ ಹಲಗೆಯಾಗುತ್ತದೆ. ಅವನು ಸೇರಿಸಿದ ವಾಕ್ಯವು ಮರುಕ್ಷಣವೇ ಲೋಕದ ಎಲ್ಲ ಓದುಗರ ಪ್ರತಿಯಲ್ಲಿಯೂ ಸೇರಿಹೋಗುತ್ತದೆ.

ಮುದ್ರಿತ ಗ್ರಂಥಗಳಲ್ಲಿ ಇಂತಹ ತಿದ್ದುಪಡಿಗೆ ಎಷ್ಟು ಕಾಲ ಹಿಡಿಯುತ್ತಿತ್ತೆಂಬುದನ್ನು ಮೈಸೂರು ದೇಶದ ಗೆಜೆಟಿಯರುಗಳಿಂದ ತಿಳಿಯಬಹುದು. ಬಿ. ಎಲ್. ರೈಸ್ ಅವರ ಗೆಜೆಟಿಯರು 1870ರ ದಶಕದಲ್ಲಿ ಹೊರಬಂದಿತು. ಅದರ ಪರಿಷ್ಕೃತ ಆವೃತ್ತಿ ಪ್ರಕಟವಾದದ್ದು 1897ರಲ್ಲಿ. ಅನಂತರ ಸಿ. ಹಯವದನರಾಯರು ಸಂಪಾದಿಸಿದ ಹೊಸ ಗೆಜೆಟಿಯರು 1927ರಿಂದ 1930ರ ಅವಧಿಯಲ್ಲಿ ಬೆಳಕು ಕಂಡಿತು. ಒಂದು ಊರಿನ ವಿವರದಲ್ಲಿ ನುಸುಳಿದ ತಪ್ಪು ಇಪ್ಪತ್ತು ಮೂವತ್ತು ವರ್ಷ ಅಧಿಕೃತವಾಗಿಯೇ ಬದುಕಬಹುದಾಗಿತ್ತು. ಆ ಮಹನೀಯರ ಪಾಂಡಿತ್ಯದಲ್ಲಿ ಕೊರತೆಯಿತ್ತೆಂದು ಇದರ ಅರ್ಥವಲ್ಲ. ಅಚ್ಚುಮೊಳೆಯ ಸ್ವಭಾವವೇ ಅಂತಹದು.

ಜಾಲಪುಟವು ಹುಟ್ಟಿದಾಗಲೇ ಓದುವುದಕ್ಕೂ ಬರೆಯುವುದಕ್ಕೂ ಉದ್ದೇಶಿತವಾಗಿತ್ತೆಂಬುದು ಅನೇಕರಿಗೆ ತಿಳಿಯದ ಸಂಗತಿ. 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು ರಚಿಸಿದ ಮೊದಲ ಬ್ರೌಸರು ಪುಟಗಳನ್ನು ತೋರಿಸುತ್ತಿದ್ದುದಲ್ಲದೆ ತಿದ್ದುವ ಸಾಧನವೂ ಆಗಿತ್ತು. ಆದರೆ ಅದು ಒಂದು ವಿಶಿಷ್ಟ ಜಾತಿಯ ಗಣಕಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. ಅನಂತರ ಜನಪ್ರಿಯವಾದ ಬ್ರೌಸರುಗಳು ತೋರಿಸುವ ಕೆಲಸವನ್ನು ಮಾತ್ರ ಇಟ್ಟುಕೊಂಡು ಬರೆಯುವ ಕೆಲಸವನ್ನು ಕೈಬಿಟ್ಟವು. ಹೀಗಾಗಿ ಬರೆಯುವವರು ಕೆಲವರು, ಓದುವವರು ಹಲವರು ಎಂಬ ಹಳೆಯ ವ್ಯವಸ್ಥೆಯೇ ಹೊಸ ಮಾಧ್ಯಮದಲ್ಲಿಯೂ ಬೇರೂರಿತು. ಈ ಕಟ್ಟನ್ನು ಸಡಿಲಿಸಿದವರು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್. 1995ರ ಮಾರ್ಚ್ ತಿಂಗಳಲ್ಲಿ ಅವರು ಯಾರು ಬೇಕಾದರೂ ತಿದ್ದಬಹುದಾದ ತಾಣವೊಂದನ್ನು ತೆರೆದರು. ಹವಾಯಿಯ ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡಾಡುವ ಬಸ್ಸಿನ ಹೆಸರನ್ನು ನೆನೆದು ಅದಕ್ಕೆ ‘ವಿಕಿವಿಕಿ’ ಎಂದು ಹೆಸರಿಟ್ಟರು. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. ಬೆಂಗಳೂರಿನ ನಿರ್ವಾಹಕರು ಪ್ರಯಾಣಿಕರನ್ನು ‘ಬೇಗ ಬೇಗ’ ಎಂದು ಅವಸರಪಡಿಸುವುದನ್ನು ಕೇಳಿದವರಿಗೆ ಈ ಹೆಸರಿನ ಸ್ವಾರಸ್ಯ ಸುಲಭವಾಗಿ ಹೊಳೆಯುತ್ತದೆ. ಇದೇ ತತ್ತ್ವದ ಮೇಲೆ 2001ರ ಜನವರಿ 15ರಂದು ವಿಕಿಪೀಡಿಯ ಎಂಬ ವಿಶ್ವಕೋಶವು ಆರಂಭವಾಯಿತು. ಅದರ ಕನ್ನಡ ಆವೃತ್ತಿ 2003ರ ಜೂನ್ ತಿಂಗಳಲ್ಲಿ ಮೊದಲಾಯಿತು.

ತಿದ್ದುವ ಕಾರ್ಯವು ಹೊರನೋಟಕ್ಕೆ ಸರಳವಾದರೂ ಅದರ ಹಿಂದೆ ನಡೆಯುವ ವ್ಯವಹಾರ ಕುತೂಹಲಕರವಾದುದು. ಕಣ್ಣಿಗೆ ಕಾಣುವ ಜಾಲಪುಟದ ಹಿಂದೆ ಮತ್ತೊಂದು ಪಠ್ಯವಿರುತ್ತದೆ. ಇದು ಶೀರ್ಷಿಕೆ, ಇಲ್ಲಿಂದ ಹೊಸ ಪರಿಚ್ಛೇದ, ಈ ಪದ ದಪ್ಪಕ್ಷರದಲ್ಲಿರಲಿ, ಈ ಪದವನ್ನು ಒತ್ತಿದರೆ ಬೇರೆ ಪುಟ ತೆರೆಯಲಿ ಎಂಬ ಆಜ್ಞೆಗಳನ್ನು ಕೋನಾಕಾರದ ಆವರಣ ಚಿಹ್ನೆಗಳ ನಡುವೆ ಬರೆದು ಮಾತಿನ ಜೊತೆಯಲ್ಲಿಯೇ ಹೆಣೆದಿರುತ್ತಾರೆ. ಬ್ರೌಸರು ಆಜ್ಞೆಗಳನ್ನು ಪಾಲಿಸಿ, ಅವನ್ನು ಮರೆಮಾಡಿ, ಪುಟವನ್ನು ಮಾತ್ರ ತೋರಿಸುತ್ತದೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಬಳಿಯುವವರು ರಂಗಸ್ಥಳದಲ್ಲಿ ಕಾಣದಿರುವಂತೆ ಇದು. ಈ ಆಜ್ಞೆಗಳನ್ನು ಎಲ್ಲರೂ ಕಲಿಯಲಾರರು. ಆದುದರಿಂದ ವಿಕಿಯ ನಿರ್ಮಾಪಕರು ಸುಲಭವಾದ ಸಂಜ್ಞೆಗಳನ್ನು ಕಲ್ಪಿಸಿದರು. ಒಂದು ಪದದ ಎರಡು ಪಕ್ಕದಲ್ಲಿಯೂ ಜೋಡಿ ಚೌಕಾವರಣಗಳನ್ನಿಟ್ಟು [[ಹಲಸೂರು]] ಎಂದು ಬರೆದರೆ ಸಾಕು, ಅದು ಹಲಸೂರಿನ ಪುಟಕ್ಕೆ ದಾರಿಯಾಗುತ್ತದೆ.

ಇಷ್ಟನ್ನು ಕಲಿಯುವುದಕ್ಕೂ ಹಿಂಜರಿಯುವವರಿಗಾಗಿ ಹುಟ್ಟಿದ್ದೇ ಪುಟದೊಳಗೆ ಅಡಕವಾದ ಪಠ್ಯ ಸಂಪಾದಕ. ಇದನ್ನು ಸಾಮಾನ್ಯವಾಗಿ ಎಡಿಟರ್ ಎನ್ನುತ್ತಾರೆ. 2000ದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಬ್ರೌಸರಿನಲ್ಲಿ ಪುಟದ ಒಂದು ಭಾಗವನ್ನು ತಿದ್ದಬಹುದಾದ ಭಾಗವೆಂದು ಗುರುತಿಸುವ ಸೌಲಭ್ಯ ಬಂದಿತು. ಇತರ ಬ್ರೌಸರುಗಳೂ ಕ್ರಮೇಣ ಅದನ್ನು ಅಳವಡಿಸಿಕೊಂಡವು. ಈ ಅಡಿಪಾಯದ ಮೇಲೆ ಟೈನಿಎಂಸಿಇ ಮೊದಲಾದ ಸಿದ್ಧ ಎಡಿಟರುಗಳು ಬಂದವು. ಪತ್ರ ಬರೆಯುವ ತಂತ್ರಾಂಶದಲ್ಲಿರುವಂತೆಯೇ ಇವುಗಳ ನೆತ್ತಿಯ ಮೇಲೆ ಗುಂಡಿಗಳ ಸಾಲಿರುತ್ತದೆ. ಪದವನ್ನು ಆಯ್ದು ದಪ್ಪಕ್ಷರದ ಗುಂಡಿಯನ್ನು ಒತ್ತಿದರೆ ಎಡಿಟರು ತಾನೇ ಆಜ್ಞೆಗಳನ್ನು ಪದದ ಎರಡು ಪಕ್ಕದಲ್ಲಿ ಇರಿಸುತ್ತದೆ. ಬರೆಯುವವರು ಅವುಗಳ ಮುಖವನ್ನು ನೋಡಬೇಕಾಗಿಲ್ಲ. ವಿಕಿಪೀಡಿಯದ ಅನೇಕ ಭಾಷೆಗಳಿಗೆ ಇಂತಹ ಕಣ್ಣಿಗೆ ಕಂಡಂತೆ ತಿದ್ದುವ ಎಡಿಟರು 2013ರಲ್ಲಿ ಬಂದಿತು. ಹಳೆಯ ಸಂಪಾದಕರಲ್ಲಿ ಕೆಲವರಿಗೆ ಅದು ರುಚಿಸಲಿಲ್ಲ. ಸಂಜ್ಞೆಗಳನ್ನು ಕೈಯಾರೆ ಬರೆದು ಪಳಗಿದವರಿಗೆ ಗುಂಡಿಗಳ ಸಾಲು ಅಡ್ಡಿಯೆನಿಸುವುದು ಸಹಜ.

ಕನ್ನಡಕ್ಕೆ ಬಂದರೆ ಸಮಸ್ಯೆ ಇನ್ನೂ ಆಳವಾದುದು. ಇಂಗ್ಲಿಷಿನಲ್ಲಿ ಒಂದು ಕೀಲಿಗೆ ಒಂದು ಅಕ್ಷರ. ಕನ್ನಡದ ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ, ಕಿವಿಗೂ ಒಂದೇ. ಆದರೆ ಯುನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಅದು ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರದ ಚಿಹ್ನೆ ಎಂಬ ಆರು ಸಂಕೇತಗಳ ಸರಣಿ. ಸಾಮಾನ್ಯವಾಗಿ ಬಳಕೆಯಲ್ಲಿರುವ ಸಂಗ್ರಹ ಪದ್ಧತಿಯಲ್ಲಿ ಒಂದೊಂದು ಸಂಕೇತವೂ ಮೂರು ಬೈಟುಗಳನ್ನು ಬೇಡುವುದರಿಂದ ಆ ಒಂದು ಅಕ್ಷರಕ್ಕೆ ಹದಿನೆಂಟು ಬೈಟುಗಳು ವೆಚ್ಚವಾಗುತ್ತವೆ. ಬಾಣದ ಕೀಲಿಯಿಂದ ಮುಂದೆ ಹೋಗುವಾಗ ಇಡೀ ಅಕ್ಷರವನ್ನು ಒಂದೇ ಹೆಜ್ಜೆಗೆ ದಾಟುವ ಎಡಿಟರು, ಅಳಿಸುವಾಗ ಒಂದೊಂದೇ ಸಂಕೇತವನ್ನು ಕಿತ್ತುಕೊಳ್ಳುತ್ತದೆ. ಮೊದಲಿಗೆ ಈಕಾರ ಹೋಗಿ ‘ಸ್ತ್ರ’ ಉಳಿಯುತ್ತದೆ; ಆಮೇಲೆ ರಕಾರ ಹೋಗುತ್ತದೆ. ಹೊಸಬರು ಇದನ್ನು ಯಂತ್ರದ ದೋಷವೆಂದು ತಿಳಿಯುತ್ತಾರೆ. ಇದು ದೋಷವಲ್ಲ, ಹಿಂದೆ ಹಾಕಿದ ಒತ್ತಕ್ಷರವನ್ನು ಉಳಿಸಿಕೊಂಡು ಗುಣಿತವನ್ನಷ್ಟೇ ಬದಲಿಸಲು ಇದರಿಂದ ಅನುಕೂಲವೇ ಆಗುತ್ತದೆ. ಆದರೆ ಬೈಟುಗಳ ಲೆಕ್ಕದಲ್ಲಿ ಕನ್ನಡಕ್ಕೆ ನಷ್ಟವುಂಟು. ವಿಕಿಪೀಡಿಯದ ಪುಟದ ಶೀರ್ಷಿಕೆ 255 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷಿಗೆ ಅದು 255 ಅಕ್ಷರಗಳಾದರೆ ಕನ್ನಡಕ್ಕೆ 85 ಸಂಕೇತಗಳು ಮಾತ್ರ.

ದೊಮ್ಮಲೂರು ಎಂಬ ಹೆಸರಿನಲ್ಲಿ ಇನ್ನೊಂದು ತೊಡಕು ಅಡಗಿದೆ. ಅದರ ಮೊದಲಕ್ಷರವಾದ ‘ದೊ’ದಲ್ಲಿರುವ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ ಮತ್ತು ಊಕಾರಗಳ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಊರುಗಳು. ಒಂದು ವಿಧದಲ್ಲಿ ಬರೆದ ದೊಮ್ಮಲೂರನ್ನು ಇನ್ನೊಂದು ವಿಧದಲ್ಲಿ ಹುಡುಕಿದವರಿಗೆ ಆ ಊರೇ ಇಲ್ಲವೆಂಬ ಉತ್ತರ ಬರಬಹುದು. ಆದುದರಿಂದ ಒಳ್ಳೆಯ ವ್ಯವಸ್ಥೆಗಳು ಪಠ್ಯವನ್ನು ಉಳಿಸುವ ಮುನ್ನ ಇಂತಹ ಜೋಡಿಗಳನ್ನು ಒಂದೇ ರೂಪಕ್ಕೆ ತರುತ್ತವೆ.

ಕನ್ನಡವನ್ನು ಒಳಗೆ ತರುವುದಕ್ಕೆ ಕೀಲಿಮಣೆಯ ಕ್ರಮವೂ ಬೇಕು. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ‘ಎಫ್’ ಕೀಲಿಯು ಒತ್ತಕ್ಷರದ ಕೊಂಡಿಯಾಗಿ ಕೆಲಸ ಮಾಡುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶದ ಮೂಲಕ ಈ ಕ್ರಮವು ಕಚೇರಿಗಳಲ್ಲಿ ಬಳಕೆಗೆ ಬಂದಿತು. ಕನ್ನಡ ವಿಕಿಪೀಡಿಯದ ಎಡಿಟರಿನಲ್ಲಿ ಇಂತಹ ಕೀಲಿಮಣೆಯ ಕ್ರಮಗಳು ಪುಟದೊಳಗೇ ಅಡಕವಾಗಿರುವುದರಿಂದ, ಬೇರೆಯವರ ಗಣಕದ ಮುಂದೆ ಕುಳಿತವರೂ ಏನನ್ನೂ ಹೊಸದಾಗಿ ಸ್ಥಾಪಿಸದೆ ಕನ್ನಡದಲ್ಲಿ ಬರೆಯಬಹುದು. ಆದರೂ ಒಂದು ಪೀಡೆ ಬಹುಕಾಲ ಕಾಡಿತು. ಯುನಿಕೋಡ್ ಬರುವುದಕ್ಕೆ ಮುಂಚಿನ ಪದ್ಧತಿಯಲ್ಲಿ ಬರೆದಿಟ್ಟ ಕನ್ನಡ ಕಡತಗಳು ವಾಸ್ತವವಾಗಿ ಇಂಗ್ಲಿಷ್ ಸಂಕೇತಗಳೇ ಆಗಿದ್ದು, ವಿಶೇಷ ಅಕ್ಷರವಿನ್ಯಾಸದ ಮುಸುಕಿನಿಂದ ಕನ್ನಡವಾಗಿ ಕಾಣುತ್ತಿದ್ದವು. ಅವನ್ನು ಜಾಲಪುಟದ ಎಡಿಟರಿಗೆ ತಂದು ಅಂಟಿಸಿದೊಡನೆ ಮುಸುಕು ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತಿತ್ತು. ಪರಿವರ್ತಕ ತಂತ್ರಾಂಶದಲ್ಲಿ ಹಾಯಿಸಿದ ಮೇಲೆಯೇ ಅವು ಮತ್ತೆ ಕನ್ನಡವಾಗುತ್ತಿದ್ದವು.

ತಿದ್ದುಪಡಿ ಮುಗಿಸಿ ಪ್ರಕಟಿಸುವ ಗುಂಡಿಯನ್ನು ಒತ್ತಿದಾಗ ಪಠ್ಯವು ಬಳಕೆದಾರರ ಗಣಕದಿಂದ ತಾಣವನ್ನು ಹೊತ್ತಿರುವ ಸರ್ವರಿಗೆ ಪ್ರಯಾಣ ಮಾಡುತ್ತದೆ. ಅಲ್ಲಿ ಅದನ್ನು ಕಣ್ಣುಮುಚ್ಚಿ ಸ್ವೀಕರಿಸಿದರೆ ಅನರ್ಥವಾಗಬಹುದು. ಪಠ್ಯದ ಜೊತೆಯಲ್ಲಿ ಆಜ್ಞೆಗಳೂ ಬರುತ್ತವೆಂದ ಮೇಲೆ, ಅವುಗಳ ನಡುವೆ ಕೇಡಿನ ಆಜ್ಞೆಯೊಂದು ಅವಿತುಕೊಂಡಿರಲಾರದೆಂದು ಹೇಳುವುದು ಹೇಗೆ? 2005ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಮೈಸ್ಪೇಸ್ ತಾಣದಲ್ಲಿ ಇಂತಹದೇ ಒಂದು ಪ್ರಸಂಗ ನಡೆಯಿತು. ಸದಸ್ಯರು ತಮ್ಮ ಪುಟಗಳನ್ನು ತಾವೇ ಅಲಂಕರಿಸಿಕೊಳ್ಳಲು ಅಲ್ಲಿ ಅವಕಾಶವಿತ್ತು. ಸಾಮಿ ಕಾಮ್‌ಕಾರ್ ಎಂಬ ಹತ್ತೊಂಬತ್ತು ವರ್ಷದ ಯುವಕ ತನ್ನ ಪುಟದಲ್ಲಿ ಸಣ್ಣದೊಂದು ಆಜ್ಞಾಸರಣಿಯನ್ನು ಬಚ್ಚಿಟ್ಟ. ಆ ಪುಟವನ್ನು ನೋಡಿದವರ ಪುಟಕ್ಕೂ ಅದು ತನ್ನ ನಕಲನ್ನು ಅಂಟಿಸುತ್ತಿತ್ತು; ಸಾಮಿಯೇ ತನ್ನ ನಾಯಕನೆಂಬ ಘೋಷಣೆಯನ್ನೂ ಅಲ್ಲಿ ಬರೆಯುತ್ತಿತ್ತು. ಇಪ್ಪತ್ತು ಗಂಟೆಗಳೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳಿಗೆ ಅದು ಹಬ್ಬಿ, ತಾಣವನ್ನೇ ಸ್ವಲ್ಪ ಕಾಲ ಮುಚ್ಚಬೇಕಾಯಿತು. ವಿನೋದಕ್ಕಾಗಿ ಮಾಡಿದ ಆ ಕೆಲಸಕ್ಕೆ ನ್ಯಾಯಾಲಯವು ಶಿಕ್ಷೆ ವಿಧಿಸಿತು. ಈ ಕಾರಣದಿಂದ ವಿವೇಕವುಳ್ಳ ವ್ಯವಸ್ಥೆಗಳು ಬಂದ ಪಠ್ಯವನ್ನು ಜರಡಿ ಹಿಡಿಯುತ್ತವೆ. ಕೆಟ್ಟದ್ದನ್ನು ಗುರುತಿಸಿ ತೆಗೆಯುವುದು ಸಾಲದು, ಏಕೆಂದರೆ ಕೆಟ್ಟದ್ದಕ್ಕೆ ಸಾವಿರ ವೇಷಗಳುಂಟು. ಒಪ್ಪಿಗೆಯಾದ ಕೆಲವು ಆಜ್ಞೆಗಳನ್ನು ಮಾತ್ರ ಉಳಿಸಿ ಮಿಕ್ಕವನ್ನೆಲ್ಲ ಕಳೆಯುವುದೇ ಸುರಕ್ಷಿತವಾದ ಮಾರ್ಗ. ಈ ಜರಡಿ ಸರ್ವರಿನಲ್ಲಿಯೇ ಇರಬೇಕು. ಬಳಕೆದಾರರ ಬ್ರೌಸರಿನಲ್ಲಿರುವ ಎಡಿಟರು ಎಷ್ಟೇ ಶಿಸ್ತಿನದಾದರೂ, ಅದನ್ನು ಬದಿಗೊತ್ತಿ ನೇರವಾಗಿ ಸರ್ವರಿಗೆ ಪಠ್ಯವನ್ನು ಕಳುಹಿಸುವುದು ಬಲ್ಲವರಿಗೆ ಕಷ್ಟವಲ್ಲ.

ಜರಡಿಯು ಕೆಟ್ಟ ಆಜ್ಞೆಯನ್ನು ತಡೆಯಬಲ್ಲದೇ ಹೊರತು ಸುಳ್ಳನ್ನು ತಡೆಯಲಾರದು. ಅದಕ್ಕೆ ಬೇರೆಯ ಉಪಾಯ ಬೇಕು. ವಿಕಿಯಲ್ಲಿ ಹಳೆಯ ಪಾಠವನ್ನು ಅಳಿಸಿ ಅದರ ಸ್ಥಾನದಲ್ಲಿ ಹೊಸದನ್ನು ಇಡುವುದಿಲ್ಲ; ಪ್ರತಿಯೊಂದು ತಿದ್ದುಪಡಿಯೂ ಹೊಸ ಆವೃತ್ತಿಯಾಗಿ ಸೇರುತ್ತದೆ. ಯಾರು, ಯಾವಾಗ, ಯಾವ ಪದವನ್ನು ಬದಲಿಸಿದರೆಂಬುದು ಪುಟದ ‘ಇತಿಹಾಸ’ದಲ್ಲಿ ಕಾಣುತ್ತದೆ. ಯಾವುದೇ ಎರಡು ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು, ಹಳೆಯದನ್ನು ಮರಳಿ ಸ್ಥಾಪಿಸಬಹುದು. ಕೆಡಿಸಲು ಎಷ್ಟು ಶ್ರಮವೋ ಸರಿಪಡಿಸಲು ಅದಕ್ಕಿಂತ ಕಡಿಮೆ ಶ್ರಮ ಸಾಕಾಗುವಂತೆ ಮಾಡಿರುವುದೇ ಈ ವ್ಯವಸ್ಥೆಯ ಜಾಣ್ಮೆ.

ಇದರ ಪ್ರಯೋಜನಕ್ಕೆ ನಿದರ್ಶನವಾಗಿ ಪೂರ್ವ ಬೆಂಗಳೂರಿನ ಮೆಟ್ರೋ ಮಾರ್ಗವನ್ನು ಗಮನಿಸಬಹುದು. ಹಲಸೂರು, ಇಂದಿರಾನಗರಗಳ ಮೂಲಕ ಬೈಯಪ್ಪನಹಳ್ಳಿಗೆ ಹೋಗುವ ಮೊದಲ ಮಾರ್ಗವು 2011ರ ಅಕ್ಟೋಬರ್ 20ರಂದು ಆರಂಭವಾಯಿತು. 2023ರ ಮಾರ್ಚ್ ತಿಂಗಳಲ್ಲಿ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗಿನ ಭಾಗ ತೆರೆಯಿತು. ಆದರೆ ಬೈಯಪ್ಪನಹಳ್ಳಿ ಮತ್ತು ಕೃಷ್ಣರಾಜಪುರಗಳ ನಡುವಣ ಸುಮಾರು ಎರಡು ಕಿಲೋಮೀಟರ್ ದೂರ ಬಾಕಿಯುಳಿದು, ಪ್ರಯಾಣಿಕರು ರೈಲಿನಿಂದಿಳಿದು ಬಸ್ಸು ಹತ್ತಬೇಕಾಯಿತು. ಆ ಕೊಂಡಿ ಕೂಡಿಕೊಂಡದ್ದು ಅದೇ ವರ್ಷ ಅಕ್ಟೋಬರ್ 9ರಂದು. ಮಾರ್ಚ್ ತಿಂಗಳಲ್ಲಿ ಸತ್ಯವಾಗಿದ್ದ ವಾಕ್ಯ ಅಕ್ಟೋಬರಿನಲ್ಲಿ ಸುಳ್ಳಾಯಿತು. ಅಚ್ಚಾದ ಕೈಪಿಡಿಗೆ ಇದನ್ನು ಹಿಂಬಾಲಿಸುವ ಶಕ್ತಿಯಿಲ್ಲ. ತಿದ್ದಬಹುದಾದ ಪುಟಕ್ಕೆ ಉಂಟು, ತಿದ್ದುವವರು ಇದ್ದರೆ. ಅಂತಹ ದಿನಗಳಲ್ಲಿ ಒಂದೇ ಪುಟವನ್ನು ಇಬ್ಬರು ಏಕಕಾಲದಲ್ಲಿ ತೆರೆದು ತಿದ್ದುವುದೂ ಉಂಟು. ಅವರು ಬೇರೆ ಬೇರೆ ಪರಿಚ್ಛೇದಗಳನ್ನು ತಿದ್ದಿದ್ದರೆ ತಂತ್ರಾಂಶವೇ ಎರಡನ್ನೂ ಹೊಂದಿಸಿಕೊಳ್ಳುತ್ತದೆ. ಒಂದೇ ಸಾಲನ್ನು ತಿದ್ದಿದ್ದರೆ, ತಡವಾಗಿ ಬಂದವರ ಮುಂದೆ ಎರಡು ಪಾಠಗಳನ್ನೂ ಇಟ್ಟು, ತೀರ್ಮಾನವನ್ನು ಅವರಿಗೇ ಬಿಡುತ್ತದೆ.

ತಪ್ಪುಗಳೆಲ್ಲವೂ ಬೇಗನೆ ಕಾಣಿಸಿಕೊಳ್ಳುತ್ತವೆಂದು ಮಾತ್ರ ಭ್ರಮಿಸಬಾರದು. ಅಮೆರಿಕದ ಪತ್ರಕರ್ತರಾದ ಜಾನ್ ಸೈಗೆಂಥಾಲರ್ ಅವರು ರಾಬರ್ಟ್ ಕೆನೆಡಿಯ ಸಹಾಯಕರಾಗಿದ್ದವರು. ಕೆನೆಡಿ ಸಹೋದರರ ಹತ್ಯೆಯಲ್ಲಿ ಅವರ ಮೇಲೆಯೇ ಸಂದೇಹವಿತ್ತೆಂಬ ಹಸಿ ಸುಳ್ಳನ್ನು 2005ರ ಮೇ ತಿಂಗಳಲ್ಲಿ ಒಬ್ಬರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಸೇರಿಸಿದರು. ಅದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ಇದ್ದಿತು. ಬರೆದವರು ಅದನ್ನು ತಮಾಷೆಯೆಂದರು. ಎಪ್ಪತ್ತು ದಾಟಿದ ಆ ವೃದ್ಧರಿಗೆ ಅದು ತಮಾಷೆಯಾಗಿರಲಿಲ್ಲ. ಅದೇ ವರ್ಷದ ಡಿಸೆಂಬರಿನಿಂದ ಆ ತಾಣದಲ್ಲಿ ಹೊಸ ಪುಟವನ್ನು ಆರಂಭಿಸುವ ಅಧಿಕಾರವನ್ನು ಹೆಸರು ನೋಂದಾಯಿಸಿದವರಿಗೆ ಸೀಮಿತಗೊಳಿಸಲಾಯಿತು. ಓದುಗರು ಅತಿ ವಿರಳವಾಗಿರುವ ಪುಟಗಳಲ್ಲಿ ಈ ಅಪಾಯ ಹೆಚ್ಚು. ಸಣ್ಣ ಭಾಷೆಗಳಲ್ಲಿ ಇನ್ನೂ ಹೆಚ್ಚು.

ಕನ್ನಡ ವಿಕಿಪೀಡಿಯದ ಅನುಭವವೂ ಇದನ್ನೇ ಹೇಳುತ್ತದೆ. ಅದರ ಲೇಖನಗಳ ಸಂಖ್ಯೆ ಮೂವತ್ತು ಸಾವಿರವನ್ನು ದಾಟಿದೆ. ದಂಡಿನ ಬೀದಿಗಳಲ್ಲಿ ಕನ್ನಡದ ಜೊತೆಗೆ ಕೇಳಿಬರುವ ತಮಿಳಿನ ಆವೃತ್ತಿ ಒಂದೂವರೆ ಲಕ್ಷವನ್ನು ಮೀರಿದೆ. 2010ರ ಸುಮಾರಿಗೆ ಯಂತ್ರದ ನೆರವಿನಿಂದ ಅನುವಾದಿಸಿದ ನೀಳವಾದ ಲೇಖನಗಳು ಕನ್ನಡ ತಾಣಕ್ಕೆ ಬಂದು ಬಿದ್ದವು. ಪದಗಳೇನೋ ಕನ್ನಡದವು, ವಾಕ್ಯಗಳು ಯಾವ ಭಾಷೆಯವೂ ಅಲ್ಲ. ತಿದ್ದುವ ಕೆಲಸವು ಹೊಸದಾಗಿ ಬರೆಯುವುದಕ್ಕಿಂತಲೂ ಕಷ್ಟವೆನಿಸಿ ಸ್ವಯಂಸೇವಕರು ಬಳಲಿದರು. ಇದಕ್ಕೆ ವಿರುದ್ಧವಾದ ಒಳ್ಳೆಯ ನಿದರ್ಶನವೂ ಇದೆ. ಮೈಸೂರು ವಿಶ್ವವಿದ್ಯಾನಿಲಯವು 1969ರಿಂದ ಪ್ರಕಟಿಸತೊಡಗಿ ಹದಿನಾಲ್ಕು ಸಂಪುಟಗಳಲ್ಲಿ ಪೂರೈಸಿದ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ವಿದ್ವಾಂಸರು ತೂಗಿ ಬರೆದ ಮಾತು ಹೀಗೆ ಎಲ್ಲರೂ ತಿದ್ದುವ ಪುಟಕ್ಕೆ ಇಳಿದು ಬಂದಿತು. ಆ ಕಾಲದಲ್ಲಿ ಕನ್ನಡ ಮತ್ತಿತರ ಭಾರತೀಯ ಭಾಷೆಗಳ ವಿಕಿ ಚಟುವಟಿಕೆಗಳಿಗೆ ನೆರವಾಗುತ್ತಿದ್ದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಂಬ ಸಂಸ್ಥೆಯ ಕಚೇರಿ ಇಂದಿರಾನಗರದ ನೆರೆಯ ದೊಮ್ಮಲೂರಿನಲ್ಲಿತ್ತು. ಅದೇ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಶತಮಾನಗಳ ಹಿಂದೆ ಕಲ್ಲಿನ ಮೇಲೆ ಕೆತ್ತಿದ ತಮಿಳು ಶಾಸನಗಳು ಇಂದಿಗೂ ಇವೆ. ಒಂದೇ ಊರಿನಲ್ಲಿ ತಿದ್ದಲಾಗದ ಬರಹವೂ ತಿದ್ದುತ್ತಲೇ ಇರುವ ಬರಹವೂ ನೆರೆಹೊರೆಯಾಗಿದ್ದುದು ಒಂದು ಸೋಜಿಗ.

ಬ್ಲಾಕ್‌ಪಲ್ಲಿಯ ಹೆಸರಿನ ವಿಚಾರದಲ್ಲಿ ಆ ವಿದ್ಯಾರ್ಥಿ ಏನು ಮಾಡಬೇಕೆಂಬುದು ಈಗ ಸ್ಪಷ್ಟವಾಗುತ್ತದೆ. ಬ್ಲಾಕಿಸ್ಟನ್ನನ ಹೆಸರನ್ನು ಅಳಿಸಿ ಬಿಳಿ ಅಕ್ಕಿಯ ಕಥೆಯನ್ನು ಬರೆದರೆ, ಮತ್ತೊಬ್ಬರು ಬಂದು ಅದನ್ನು ಅಳಿಸುತ್ತಾರೆ. ಹೀಗೆ ಅಳಿಸುವ ಸ್ಪರ್ಧೆ ನಡೆದಾಗ ನಿರ್ವಾಹಕರು ಪುಟಕ್ಕೆ ಕೆಲವು ಕಾಲ ಬೀಗ ಹಾಕುವುದೂ ಉಂಟು. ಪ್ರತಿಯೊಂದು ಪುಟಕ್ಕೂ ‘ಚರ್ಚೆ’ ಎಂಬ ಜೋಡಿ ಪುಟವಿರುವುದು ಇದಕ್ಕಾಗಿಯೇ. ಎರಡು ಮಾತುಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವ ಮಾತನ್ನು ಯಾವ ಗ್ರಂಥ ಹೇಳುತ್ತದೆಂಬ ಆಧಾರವನ್ನು ಒಂದೊಂದಕ್ಕೂ ಕೊಡುವುದು ಅಲ್ಲಿಯ ರೂಢಿ. ಅಜ್ಜಿ ಹೇಳಿದ ಮಾತು ನಿಜವಾಗಿರಬಹುದು. ಆದರೆ ಅಜ್ಜಿಯನ್ನು ಅಡಿಟಿಪ್ಪಣಿಯಲ್ಲಿ ನಮೂದಿಸಲು ಬರುವುದಿಲ್ಲ. ಈ ನಿಯಮವು ಲಿಖಿತ ದಾಖಲೆಗಳಿಲ್ಲದ ಜನರಿಗೆ ಅನ್ಯಾಯ ಮಾಡುತ್ತದೆಂಬ ಆಕ್ಷೇಪಣೆಯಿದೆ, ಅದರಲ್ಲಿ ಹುರುಳೂ ಇದೆ. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದ ಮೇಲೆಯೂ ದಂಡು ಪ್ರದೇಶ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿದಿತ್ತು. ಸೈನಿಕ ಅಧಿಕಾರಿಗಳು ಬರೆದಿಟ್ಟ ದಾಖಲೆಗಳು ಹೇರಳ. ಅವರ ಮನೆಗಳಲ್ಲಿ ದುಡಿದವರು, ಸಂತೆಯಲ್ಲಿ ಅಕ್ಕಿ ಮಾರಿದವರು ಬರೆದಿಟ್ಟದ್ದು ವಿರಳ. ಆದುದರಿಂದ ಆ ವಿದ್ಯಾರ್ಥಿ ಎಡಿಟರನ್ನು ತೆರೆಯುವ ಮುನ್ನ ಗ್ರಂಥಾಲಯದ ಬಾಗಿಲನ್ನು ತೆರೆಯಬೇಕಾಗುತ್ತದೆ. ಹಳೆಯ ನಕ್ಷೆಯೊಂದರಲ್ಲಿಯೋ ಕಂದಾಯದ ಕಡತದಲ್ಲಿಯೋ ಆ ಹಳ್ಳಿಯ ಹೆಸರು ದೊರೆತರೆ, ಅವನು ಸೇರಿಸುವ ವಾಕ್ಯವನ್ನು ಅಳಿಸಲು ಬಂದವರೂ ಮೊದಲು ಆ ಕಡತವನ್ನು ನೋಡಬೇಕಾಗುತ್ತದೆ.